ಟೈಮಿಂಗ್ ಬೆಲ್ಟ್ ಹಾಕಿಸಿದ ಮೇಲೆ ಗಾಡಿ ಎಳೆಯುತ್ತಿಲ್ಲವೇ? ಒಂದು ಹಲ್ಲು ತಪ್ಪಿದೆಯಾ ನೋಡಿ

ಹೋದ ಮಳೆಗಾಲದಲ್ಲಿ ಮಂಡ್ಯದ ಮೇಷ್ಟ್ರೊಬ್ಬರು ತಮ್ಮ ಹಳೇ ಮಾರುತಿ ಝೆನ್ ಕಾರನ್ನು ಮೈಸೂರಿನ ಬನ್ನಿಮಂಟಪದ ನಮ್ಮ ಶೆಡ್ಡಿಗೆ ತಂದರು. ಕಾರ್ಬುರೇಟರ್ ಇರುವ ಗಾಡಿ. 993 ಸಿಸಿ, ನಾಲ್ಕು ಸಿಲಿಂಡರ್.

"ಬೆಲ್ಟ್ ಹಾಕಿಸಿ ಹದಿನೈದು ದಿನ ಆಯ್ತು ಕಣಪ್ಪ. ಸ್ಟಾರ್ಟ್ ಆಯ್ತದೆ, ಓಡ್ತದೆ. ಆದ್ರೆ ಎಳೀತಿಲ್ಲ. ಮನೆಯವರನ್ನ ಕೂರಿಸ್ಕೊಂಡು ಬೆಟ್ಟಕ್ಕೆ ಹೋದ್ರೆ ಅರ್ಧ ದಾರೀಲೇ ಫಸ್ಟ್ ಗೇರ್ ಹಾಕ್ಬೇಕಾಯ್ತು" ಎಂದರು.

ಲೀಟರಿಗೆ 16 ಕಿಲೋಮೀಟರ್ ಕೊಡುತ್ತಿದ್ದ ಗಾಡಿ 11ಕ್ಕೆ ಇಳಿದಿತ್ತು. ಅಷ್ಟರಲ್ಲಿ ಕಾರ್ಬುರೇಟರ್ ಎರಡು ಸಲ ಬಿಚ್ಚಿ ತೊಳೆಸಿದ್ದರು. ಪ್ಲಗ್ ಹೊಸದು, ಏರ್ ಫಿಲ್ಟರ್ ಹೊಸದು. ದುಡ್ಡು ಹೋಗಿತ್ತು, ತೊಂದರೆ ಹಾಗೇ ಇತ್ತು.

ತೊಂದರೆ ಇದ್ದದ್ದು ಬೆಲ್ಟಿನಲ್ಲಿ. ಟೈಮಿಂಗ್ ಬೆಲ್ಟ್ ಅಂದರೆ ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕಿನಿಂದ, ವಾಲ್ವ್‌ಗಳನ್ನು ತೆರೆಯುವ ಕ್ಯಾಮನ್ನು ತಿರುಗಿಸುವ ಹಲ್ಲಿನ ಬೆಲ್ಟ್. ಕ್ಯಾಮ್ ಪುಲ್ಲಿ ಒಂದೇ ಒಂದು ಹಲ್ಲು ಹಿಂದೆ ಕೂತಿತ್ತು. ಬೆಲ್ಟ್ ಹಾಕಿದವರು ಪುಲ್ಲಿಗಳ ಮೇಲಿನ ಗುರುತು ನೋಡದೆ ಹಾಕಿದ್ದರು ಅಂತ ನನಗೆ ಅನ್ನಿಸುವುದಿಲ್ಲ. ನೋಡಿಯೇ ಹಾಕಿರಬೇಕು. ಆದರೆ ಬೆಲ್ಟ್ ಬಿಗಿಯಾದ ಮೇಲೆ ಇನ್ನೊಮ್ಮೆ ನೋಡಿಲ್ಲ. ಬೆಲ್ಟ್ ಸಡಿಲ ಇರುವಾಗ ಕೂಡಿದ ಗುರುತು ಲೆಕ್ಕಕ್ಕೆ ಬರುವುದಿಲ್ಲ. ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರನ್ನು ಬೆಲ್ಟಿನ ಮೇಲೆ ಒತ್ತಲು ಬಿಟ್ಟು, ಇಂಜಿನ್ನನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿದ ಮೇಲೆ ಎಲ್ಲಿ ಬಂದು ನಿಲ್ಲುತ್ತದೋ ಅದೇ ಲೆಕ್ಕ. ಇದೊಂದನ್ನು ಬಿಟ್ಟಿದ್ದಕ್ಕೆ ಎಷ್ಟೋ ಒಳ್ಳೆಯ ಇಂಜಿನ್‌ಗಳಿಗೆ "ಬೋರ್ ಹೋಗಿದೆ" (ಸಿಲಿಂಡರ್ ಸವೆದಿದೆ) ಅಂತ ಹೆಸರು ಬಂದಿರುವುದನ್ನು ನೋಡಿದ್ದೇನೆ. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಒಂದು ಹಲ್ಲು ಅಂದರೆ ಎಷ್ಟು?

ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು ತಿರುಗುತ್ತದೆ. ಹಾಗಾಗಿ ಕ್ಯಾಮ್ ಪುಲ್ಲಿಗೆ ಕ್ರ್ಯಾಂಕ್ ಗೇರಿನ ಎರಡರಷ್ಟು ಹಲ್ಲು. ಕ್ರ್ಯಾಂಕಿಗೆ 20, ಕ್ಯಾಮಿಗೆ 40 ಹಲ್ಲು ಇದೆ ಅಂತ ಇಟ್ಟುಕೊಳ್ಳಿ. ಒಂದು ಹಲ್ಲು ತಪ್ಪಿದರೆ ಕ್ಯಾಮ್ 9 ಡಿಗ್ರಿ ಜರುಗುತ್ತದೆ. ಕ್ರ್ಯಾಂಕ್ ಲೆಕ್ಕದಲ್ಲಿ ಅದು 18 ಡಿಗ್ರಿ. ಕಣ್ಣಿಗೆ ಹತ್ತು ಮಿಲಿಮೀಟರ್ ಕೂಡ ಕಾಣದ ತಪ್ಪು, ಇಂಜಿನ್ನಿಗೆ ದೊಡ್ಡ ತಪ್ಪು.

ಕ್ಯಾಮ್ ಹಿಂದೆ ಬಿದ್ದರೆ ಗಾಳಿ ಪೆಟ್ರೋಲನ್ನು ಒಳಗೆ ಬಿಡುವ ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುತ್ತದೆ. ಪಿಸ್ಟನ್ ಮೇಲೆ ಬರುವಾಗ ಒಳಗೆ ಬಂದ ಗಾಳಿ ಪೆಟ್ರೋಲಿನಲ್ಲಿ ಒಂದಷ್ಟನ್ನು ವಾಪಸ್ ಹೊರಗೆ ತಳ್ಳುತ್ತದೆ. ಕಡಿಮೆ ಸ್ಪೀಡಿನಲ್ಲಿ, ಏರಿನಲ್ಲಿ ಎಳೆತವೇ ಇರುವುದಿಲ್ಲ. ಹೈವೇಯಲ್ಲಿ ಜೋರಾಗಿ ಹೊಡೆದಾಗ ಪರವಾಗಿಲ್ಲ ಅನ್ನಿಸಬಹುದು. ಮೇಷ್ಟ್ರೂ ಅದನ್ನೇ ಹೇಳಿದ್ದು: ಮಂಡ್ಯದಿಂದ ಮೈಸೂರಿನವರೆಗೆ ಅಷ್ಟೇನೂ ಗೊತ್ತಾಗಲಿಲ್ಲ, ಬೆಟ್ಟದಲ್ಲಿ ಗೊತ್ತಾಯಿತು. ಕ್ಯಾಮ್ ಮುಂದೆ ಹೋದರೆ ಇದರ ಉಲ್ಟಾ. ಕೆಳಗಿನ ಸ್ಪೀಡಿನಲ್ಲಿ ಓಡುತ್ತದೆ, ಮೇಲೆ ಉಸಿರು ಕಟ್ಟುತ್ತದೆ.

ಎರಡು ಮೂರು ಹಲ್ಲು ತಪ್ಪಿದರೆ ಗಾಡಿ ಸ್ಟಾರ್ಟೇ ಆಗದಿರಬಹುದು, ಇಲ್ಲಾ ಕಾರ್ಬುರೇಟರಿನಲ್ಲಿ ಪಟಾಕಿ ಹೊಡೆಯುತ್ತದೆ. ಕೆಲವು ಇಂಜಿನ್‌ಗಳಲ್ಲಿ ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯುತ್ತದೆ. ಅಲ್ಲಿಗೆ ಹೆಡ್ (ವಾಲ್ವ್‌ಗಳಿರುವ ಇಂಜಿನ್ನಿನ ಮೇಲ್ಭಾಗ) ಬಿಚ್ಚುವ ಕೆಲಸವೇ. ನಿಮ್ಮ ಇಂಜಿನ್ ಆ ಜಾತಿಯದೋ ಅಲ್ಲವೋ ಗೊತ್ತಿಲ್ಲದಿದ್ದರೆ, ಹೌದು ಅಂತಲೇ ತಿಳಿದು ಕೈ ಹಾಕಿ.

ಬಿಚ್ಚುವ ಮೊದಲು ಕೇಳಬೇಕಾದ್ದು, ಅಳೆಯಬೇಕಾದ್ದು

ಮೊದಲ ಪ್ರಶ್ನೆ: ಯಾವಾಗ ಶುರುವಾಯಿತು? ಬೆಲ್ಟ್ ಹಾಕಿಸಿ ಗ್ಯಾರೇಜಿನಿಂದ ಹೊರಗೆ ತಂದ ದಿನವೇ ಹೀಗಿದ್ದರೆ ಗುರುತಿನ ಮೇಲೆ ಅನುಮಾನ ಪಡಿ. ಮೂರು ತಿಂಗಳು ಚೆನ್ನಾಗಿ ಓಡಿ ಆಮೇಲೆ ಕೆಟ್ಟರೆ ದಾರಿ ಬೇರೆ. ಟೆನ್ಷನರ್ ಸಡಿಲವಾಗಿ ಬೆಲ್ಟ್ ಹಲ್ಲು ಹಾರಿರಬಹುದು, ಕ್ರ್ಯಾಂಕ್ ಬೋಲ್ಟ್ ಸಡಿಲವಾಗಿರಬಹುದು, ಅಥವಾ ಬೆಲ್ಟಿಗೆ ಸಂಬಂಧವೇ ಇಲ್ಲದಿರಬಹುದು.

ಎರಡನೆಯದು, ಸುಲಭದ ತಪ್ಪುಗಳು. ಬೆಲ್ಟ್ ಕೆಲಸ ಮಾಡುವಾಗ ಅಕ್ಕಪಕ್ಕದ ಪೈಪು, ವೈರು ಎಲ್ಲಾ ಬಿಚ್ಚಿರುತ್ತಾರೆ. ವ್ಯಾಕ್ಯೂಮ್ ಪೈಪ್ ಒಂದನ್ನು ಹಾಕಲು ಮರೆತಿರಬಹುದು. ಪ್ಲಗ್ ವೈರ್ ಅದಲು ಬದಲಾಗಿರಬಹುದು. ಝೆನ್ನಿನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳಿಗೆ ಕಿಡಿ ಬರುವ ಸರದಿ, 1-3-4-2. ಒಂದೇ ಸಿಲಿಂಡರ್ ಮಿಸ್ಸಿಂಗ್ ಇದ್ದರೆ ಬೆಲ್ಟ್ ಬಿಟ್ಟುಬಿಡಿ, ಆ ಸಿಲಿಂಡರಿನ ಪ್ಲಗ್, ವೈರು, ವಾಲ್ವ್ ನೋಡಿ. ಒಂದೇ ಕ್ಯಾಮ್ ಇರುವ ಇಂಥ ಇಂಜಿನ್ನಿನಲ್ಲಿ ಬೆಲ್ಟ್ ತಪ್ಪು ಎಲ್ಲಾ ಸಿಲಿಂಡರಿಗೂ ಒಂದೇ ಸಮ ತಟ್ಟುತ್ತದೆ.

ಆಮೇಲೆ ವ್ಯಾಕ್ಯೂಮ್ ಗೇಜ್, ಇಂಜಿನ್ ಗಾಳಿಯನ್ನು ಒಳಗೆ ಎಳೆಯುವ ಬಲ ಅಳೆಯುವ ಮೀಟರ್. ಇದು ನನಗೆ ಬಹಳ ಇಷ್ಟದ ಉಪಕರಣ, ಒಂದು ಬೋಲ್ಟೂ ಬಿಚ್ಚದೆ ಅರ್ಧ ಉತ್ತರ ಕೊಡುತ್ತದೆ. ಇಂಜಿನ್ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ ಮ್ಯಾನಿಫೋಲ್ಡ್ (ಗಾಳಿ ಒಳಗೆ ಹೋಗುವ ಕೊಳವೆ) ವ್ಯಾಕ್ಯೂಮ್ ಪಾದರಸದ ಲೆಕ್ಕದಲ್ಲಿ 17ರಿಂದ 22 ಇಂಚು ಇರಬೇಕು ಅಂತ ಗೇಜಿನ ಜೊತೆ ಬರುವ ಚೀಟಿಯಲ್ಲಿ ಇರುತ್ತದೆ. ಅದು ಸಮುದ್ರ ಮಟ್ಟದ ಲೆಕ್ಕ. ನಮ್ಮ ಮೈಸೂರು ಸುಮಾರು 770 ಮೀಟರ್ ಎತ್ತರದಲ್ಲಿದೆ, ಹತ್ತಿರ ಹತ್ತಿರ 2,500 ಅಡಿ. ಸಾವಿರ ಅಡಿಗೆ ಒಂದು ಇಂಚು ಕಮ್ಮಿ ಮಾಡಿಕೊಳ್ಳಬೇಕು. ಹಾಗಾಗಿ ಇಲ್ಲಿ 15ರಿಂದ 19ರ ಒಳಗೆ ಮುಳ್ಳು ಅಲ್ಲಾಡದೆ ನಿಂತರೆ ಇಂಜಿನ್ ಸರಿ ಇದೆ. ಮಂಡ್ಯ ಸ್ವಲ್ಪ ತಗ್ಗು, ಆದರೂ ಹೆಚ್ಚು ಕಮ್ಮಿ ಅದೇ ಲೆಕ್ಕ. ಈ ಎತ್ತರ ಮರೆತು 16 ತೋರಿಸಿದ ಒಳ್ಳೆ ಇಂಜಿನ್ನನ್ನು ಬಿಚ್ಚಲು ಹೋಗಬೇಡಿ.

ಮೇಷ್ಟ್ರ ಗಾಡಿ 12 ತೋರಿಸಿತು. ಮುಳ್ಳು ನಡುಗುತ್ತಿರಲಿಲ್ಲ, ತಣ್ಣಗೆ 12ರ ಮೇಲೆ ಕೂತಿತ್ತು. ಮುಳ್ಳು ಆಗಾಗ ಕುಪ್ಪಳಿಸಿದರೆ ಒಂದು ವಾಲ್ವಿನ ತೊಂದರೆ ಅನ್ನಬಹುದು. ಅಲ್ಲಾಡದೆ ಕೆಳಗೆ ನಿಂತರೆ ಟೈಮಿಂಗ್ ತಡ, ಇಲ್ಲವೇ ಎಲ್ಲೋ ಗಾಳಿ ಲೀಕ್. ಪೈಪುಗಳನ್ನೆಲ್ಲ ಒಂದೊಂದಾಗಿ ಹಿಸುಕಿ ನೋಡಿದೆವು, ಲೀಕ್ ಇರಲಿಲ್ಲ. ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ನೋಡಿದೆವು. ನಾಲ್ಕೂ ಸಿಲಿಂಡರ್ ಒಂದಕ್ಕೊಂದು ಸಮ, ಆದರೆ ನಾಲ್ಕೂ ಕಮ್ಮಿ. ಬೋರ್ ಸವೆದರೆ ಸಾಮಾನ್ಯವಾಗಿ ಒಂದು ಹೆಚ್ಚು, ಒಂದು ಕಮ್ಮಿ ಇರುತ್ತದೆ. ಪ್ಲಗ್ ತೂತಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದೆವು, ಹೆಚ್ಚೇನೂ ಏರಲಿಲ್ಲ. ರಿಂಗ್ ಸವೆದಿದ್ದರೆ ಏರಬೇಕಿತ್ತು.

ನನಗೆ ಗಟ್ಟಿಯಾಗಿ ಗೊತ್ತಾದದ್ದು ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ನೋಡಿದಾಗ. ಈ ಇಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರನ್ನು ತಿರುಗಿಸುವುದು ಕ್ಯಾಮ್‌ನ ಇನ್ನೊಂದು ತುದಿ. ಕ್ಯಾಮ್ ಒಂದು ಹಲ್ಲು ಹಿಂದೆ ಬಿದ್ದರೆ ಕಿಡಿಯೂ 18 ಡಿಗ್ರಿ ತಡವಾಗುತ್ತದೆ. ಗಾಡಿ ಎಳೆಯುತ್ತಿಲ್ಲ ಅಂದಾಗ ಯಾರೋ ಡಿಸ್ಟ್ರಿಬ್ಯೂಟರ್ ತಿರುಗಿಸಿ ಕಿಡಿಯನ್ನು ಮುಂದೆ ತಂದಿದ್ದಾರೆ. ಅದನ್ನು ಹಿಡಿದಿಡುವ ಬೋಲ್ಟ್, ಅದರ ಸೀಳಿನ ಒಂದು ತುದಿಗೆ ಹೋಗಿ ತಗುಲಿಕೊಂಡಿತ್ತು. ಪಕ್ಕದಲ್ಲಿ ಹಳೇ ವಾಷರ್ ಕೂತಿದ್ದ ಜಾಗ ಬೆಳ್ಳಗೆ ಉಂಗುರದ ಹಾಗೆ ಕಾಣುತ್ತಿತ್ತು, ಸೀಳಿನ ನಡುವಿನಲ್ಲಿ. ವರ್ಷಗಟ್ಟಲೆ ಅಲ್ಲಿದ್ದ ಬೋಲ್ಟ್ ಬೆಲ್ಟ್ ಹಾಕಿದ ವಾರವೇ ತುದಿಗೆ ಯಾಕೆ ಹೋಯಿತು? ಕಿಡಿ ಸರಿಹೋಯಿತು, ವಾಲ್ವ್ ಮಾತ್ರ ತಡವಾಗಿಯೇ ಉಳಿಯಿತು. ಡಿಸ್ಟ್ರಿಬ್ಯೂಟರ್ ಇರುವ ಯಾವ ಗಾಡಿ ಬಂದರೂ ಈ ಉಂಗುರದ ಗುರುತನ್ನು ನೋಡಿ.

ಕಾರ್ಬುರೇಟರ್ ಇಲ್ಲದ ಇಂಜೆಕ್ಷನ್ ಗಾಡಿಗಳಲ್ಲಿ ಸ್ಕ್ಯಾನರ್ ಹಾಕಿ. ಪಿ0016 ಕೋಡ್ ಬಂದರೆ ಕ್ರ್ಯಾಂಕ್ ಮತ್ತು ಕ್ಯಾಮ್ ಸೆನ್ಸರ್‌ಗಳ ಲೆಕ್ಕ ಒಂದಕ್ಕೊಂದು ತಾಳೆ ಆಗುತ್ತಿಲ್ಲ ಅಂತ ಅರ್ಥ. ಆ ಕೋಡ್ ಕಂಡ ಕೂಡಲೇ ಸೆನ್ಸರ್ ಬದಲಾಯಿಸಬೇಡಿ, ಗುರುತು ನೋಡಿ. ಕೋಡ್ ಬರಲಿಲ್ಲ ಅಂದ ಮಾತ್ರಕ್ಕೆ ಬೆಲ್ಟ್ ಸರಿ ಇದೆ ಅಂತಲೂ ಅಲ್ಲ.

ಗುರುತು ನೋಡುವ ರೀತಿ

ಗಾಡಿ ಸಮತಟ್ಟು ಜಾಗದಲ್ಲಿರಲಿ. ಹ್ಯಾಂಡ್‌ಬ್ರೇಕ್, ನ್ಯೂಟ್ರಲ್, ಬ್ಯಾಟರಿಯ ನೆಗೆಟಿವ್ ವೈರ್ ಹೊರಗೆ. ಜ್ಯಾಕ್ ಒಂದರ ಮೇಲೆ ನಂಬಿಕೆ ಇಟ್ಟು ಕೆಳಗೆ ಕೈ ಹಾಕಬೇಡಿ, ಸ್ಟ್ಯಾಂಡ್ ಇಡಿ. ನಾಲ್ಕೂ ಪ್ಲಗ್ ಬಿಚ್ಚಿ, ಆಗ ಇಂಜಿನ್ ಹಗುರವಾಗಿ ತಿರುಗುತ್ತದೆ. ತಿರುಗಿಸುವುದು ಕ್ರ್ಯಾಂಕ್ ಬೋಲ್ಟಿನಿಂದ ಮಾತ್ರ. ಕ್ಯಾಮ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಇಂಜಿನ್ ಎಳೆದರೆ ಬೆಲ್ಟಿಗೆ ಏಟು. ಸ್ಟಾರ್ಟರ್ ಅಂತೂ ಮುಟ್ಟಲೇಬೇಡಿ.

ತಿರುಗಿಸುವ ದಿಕ್ಕು ಇಂಜಿನ್ ಓಡುವ ದಿಕ್ಕು. ಹೆಚ್ಚಿನ ಗಾಡಿಗಳಲ್ಲಿ ಪುಲ್ಲಿಗಳ ಎದುರು ನಿಂತರೆ ಗಡಿಯಾರದ ಮುಳ್ಳಿನಂತೆ. ನಮ್ಮಲ್ಲಿ ಓಡಾಡಿದ ಮೊದಲ ಹೋಂಡಾ ಸಿಟಿ ಇಂಜಿನ್‌ಗಳು ಇದರ ಉಲ್ಟಾ ತಿರುಗುತ್ತವೆ. ಗುರುತು ದಾಟಿ ಹೋದರೆ ಹಿಂದಕ್ಕೆ ತಿರುಗಿಸಿ ಕೂಡಿಸಬೇಡಿ. ಹಿಂದೆ ತಿರುಗಿಸಿದರೆ ಸಡಿಲು ಟೆನ್ಷನರ್ ಇಲ್ಲದ ಬದಿಗೆ ಬಂದು ಗುರುತು ಸುಳ್ಳು ಹೇಳುತ್ತದೆ. ಇನ್ನೆರಡು ಸುತ್ತು ಮುಂದೆ ತಿರುಗಿಸಿ ಮತ್ತೆ ಬನ್ನಿ.

ಮಾರುತಿಯ ಈ ಇಂಜಿನ್ನಿನಲ್ಲಿ ಗುರುತು ಎರಡು ಜೊತೆ. ಕ್ರ್ಯಾಂಕಿನ ಬೆಲ್ಟ್ ಗೇರಿನ ಮೇಲೆ ಪಂಚ್ ಹೊಡೆದ ಚುಕ್ಕಿ ಇದೆ, ಅದು ಆಯಿಲ್ ಪಂಪ್ ಕೇಸಿನ ಮೇಲಿರುವ ಬಾಣಕ್ಕೆ ಬರಬೇಕು. ಅದೇ ಹೊತ್ತಿಗೆ ಕ್ಯಾಮ್ ಪುಲ್ಲಿಯ ಗುರುತು ಮೇಲಿರುವ 'ವಿ' ಆಕಾರದ ಕಚ್ಚಿಗೆ ಬರಬೇಕು. ಕ್ರ್ಯಾಂಕ್ ಚುಕ್ಕಿ ಪ್ರತಿ ಸುತ್ತಿಗೂ ಬಾಣಕ್ಕೆ ಬರುತ್ತದೆ, ಕ್ಯಾಮ್ ಗುರುತು ಎರಡು ಸುತ್ತಿಗೆ ಒಂದು ಸಲ ಮಾತ್ರ 'ವಿ'ಗೆ ಬರುತ್ತದೆ. ಮೊದಲ ಸಲ ಕ್ಯಾಮ್ ಗುರುತು ಕೆಳಗಡೆ ಕಂಡರೆ ಹೆದರಬೇಡಿ, ಇನ್ನೊಂದು ಸುತ್ತು ತಿರುಗಿಸಿ.

ಇಲ್ಲಿ ಜನ ಎಡವುವುದು ಹೀಗೆ. ಗೇರಿನ ಮೇಲೆ ಕೀಲಿ (ಗೇರನ್ನು ಕ್ರ್ಯಾಂಕಿಗೆ ಹಿಡಿದಿಡುವ ಸಣ್ಣ ಲೋಹದ ತುಂಡು) ಕೂರುವ ತೋಡೂ ಇದೆ, ಚುಕ್ಕಿಯೂ ಇದೆ. ಕೀಲಿಯ ತೋಡು ದೊಡ್ಡದು, ಕಣ್ಣಿಗೆ ಮೊದಲು ಬೀಳುತ್ತದೆ. ಅದನ್ನೇ ಗುರುತು ಅಂತ ಬಾಣಕ್ಕೆ ಕೂಡಿಸಿಬಿಡುತ್ತಾರೆ. ಇನ್ನು ಕೆಲವರು ಹೊರಗಿನ ದೊಡ್ಡ ಪುಲ್ಲಿಯ ಮೇಲಿರುವ ಗೀರನ್ನು ನಂಬುತ್ತಾರೆ. ಆ ಗೀರು ಇರುವ ಗಾಡಿಗಳಲ್ಲಿ ಅದು ಕಿಡಿಯ ಟೈಮಿಂಗ್ ನೋಡಲು. ಪಕ್ಕದ ಪಟ್ಟಿಯಲ್ಲಿ ಸೊನ್ನೆಯೂ ಇರುತ್ತದೆ, ಕಿಡಿಯ ಡಿಗ್ರಿಯೂ ಇರುತ್ತದೆ. ಡಿಗ್ರಿ ಗೀರಿಗೆ ಕೂಡಿಸಿದರೆ ಬೆಲ್ಟ್ ಅಷ್ಟು ತಪ್ಪಿದಂತೆಯೇ. ಜೊತೆಗೆ ಕೆಲವು ಪುಲ್ಲಿಗಳ ನಡುವೆ ರಬ್ಬರ್ ಉಂಗುರ ಇದೆ. ರಬ್ಬರ್ ಹಳತಾಗಿ ಜಾರಿದರೆ ಹೊರಗಿನ ಗೀರು ಎಲ್ಲೋ, ಕ್ರ್ಯಾಂಕ್ ಎಲ್ಲೋ. ಒಳಗಿನ ಗೇರಿನ ಚುಕ್ಕಿಯೇ ಸಾಕ್ಷಿ.

ಚುಕ್ಕಿ ಕಾಣದಿದ್ದರೆ ಅದು ಇಲ್ಲ ಅಂತಲ್ಲ, ಜಿಡ್ಡಿನ ಕೆಳಗಿದೆ. ಬಟ್ಟೆಗೆ ಸ್ವಲ್ಪ ಪೆಟ್ರೋಲ್ ಮುಟ್ಟಿಸಿ ಒರೆಸಿ. ಆಮೇಲೆ ವೈಟ್ನರ್‌ನಿಂದ ಒಂದು ಚಿಕ್ಕ ಬೊಟ್ಟು ಇಡಿ.

ಇನ್ನೊಂದು ವಿಷಯ, ನೋಡುವ ಕೋನ. ಮೇಷ್ಟ್ರ ಗಾಡಿಯಲ್ಲಿ ನಮ್ಮ ಹುಡುಗ ಬಾನೆಟ್ ಕಡೆಯಿಂದ ಬಗ್ಗಿ ನೋಡಿ "ಅಣ್ಣಾ, ಕರೆಕ್ಟಾಗಿ ಕೂಡಿದೆ" ಎಂದ. ನಾನು ಪಕ್ಕದಿಂದ, ಪುಲ್ಲಿಗೆ ನೇರವಾಗಿ ಮೊಬೈಲ್ ಹಿಡಿದು ಫೋಟೋ ತೆಗೆದು ತೋರಿಸಿದೆ. ಗುರುತು 'ವಿ'ಯ ಎಡಕ್ಕೆ, ಸರಿಯಾಗಿ ಒಂದು ಹಲ್ಲಿನಷ್ಟು ಹಿಂದೆ ನಿಂತಿತ್ತು. ಗುರುತಿಗೂ 'ವಿ'ಗೂ ನಡುವೆ ಸ್ವಲ್ಪ ಅಂತರ ಇರುವುದರಿಂದ ಓರೆಯಾಗಿ ನೋಡಿದರೆ ಕಣ್ಣು ಮೋಸ ಹೋಗುತ್ತದೆ. ತಲೆ ಹೋಗದ ಜಾಗಕ್ಕೆ ಮೊಬೈಲ್ ಹೋಗುತ್ತದೆ. ನೇರ ಹಿಡಿದು ಫೋಟೋ ತೆಗೆದು, ದೊಡ್ಡದು ಮಾಡಿ ನೋಡಿ.

ಅರ್ಧ ಹಲ್ಲು ತಪ್ಪಿದಂತೆ ಕಂಡರೆ? ಬೆಲ್ಟ್ ಅರ್ಧ ಹಲ್ಲು ಕೂರುವುದಿಲ್ಲ. ನೋಡುವ ಕೋನ ಸರಿ ಮಾಡಿಕೊಳ್ಳಿ, ಬೆಲ್ಟ್ ಬಿಗಿ ನೋಡಿ. ಹಿಂದೆ ಯಾವಾಗಲೋ ಹೆಡ್ ಫೇಸಿಂಗ್ (ಹೆಡ್ಡಿನ ತಳ ತೇಯಿಸಿ ಸಮ ಮಾಡುವುದು) ಮಾಡಿಸಿದ್ದರೆ ಹೆಡ್ ಕೆಳಗೆ ಬಂದು ಗುರುತು ಕೂದಲೆಳೆಯಷ್ಟು ಆಚೀಚೆ ನಿಲ್ಲುತ್ತದೆ. ಅದನ್ನು ಸರಿ ಮಾಡಲು ಒಂದು ಹಲ್ಲು ಜರುಗಿಸಿದರೆ ತಪ್ಪು ಜಾಸ್ತಿಯಾಗುತ್ತದೆ. ಯಾವ ಹಲ್ಲಿನಲ್ಲಿ ಅತಿ ಹತ್ತಿರ ಬರುತ್ತದೋ ಅಲ್ಲೇ ಬಿಡಿ.

ಎರಡೂ ಗುರುತು ಚೆನ್ನಾಗಿ ಕೂಡಿವೆ, ಆದರೂ ಇಂಜಿನ್ ಇದೇ ಲಕ್ಷಣ ತೋರಿಸುತ್ತಿದೆ ಅಂದರೆ ಕ್ರ್ಯಾಂಕಿನ ಕೀಲಿ ನೋಡಿ. ಬೋಲ್ಟ್ ಸಡಿಲ ಬಿಟ್ಟು ಓಡಿಸಿದ್ದರೆ ಕೀಲಿ ಸವೆದು, ಗೇರ್ ಒಂದು ಕಡೆ, ಕ್ರ್ಯಾಂಕ್ ಒಂದು ಕಡೆ ಆಗಿರುತ್ತದೆ. ಆಗ ನಿಜವಾದ ಟಿಡಿಸಿ, ಅಂದರೆ ಪಿಸ್ಟನ್ ಪೂರ್ತಿ ಮೇಲೆ ಬಂದ ಜಾಗ, ಹುಡುಕಬೇಕು. ತುದಿಯ ಹತ್ತಿರ ಪಿಸ್ಟನ್ ಹೆಚ್ಚು ಕಮ್ಮಿ ನಿಂತೇಬಿಡುತ್ತದೆ, ಕ್ರ್ಯಾಂಕ್ ಮಾತ್ರ ತಿರುಗುತ್ತಿರುತ್ತದೆ. ಹಾಗಾಗಿ ಪ್ಲಗ್ ತೂತಿನಲ್ಲಿ ಕಡ್ಡಿ ಇಟ್ಟು "ಇಲ್ಲೇ ಟಾಪ್" ಅಂದರೆ ಹತ್ತು ಡಿಗ್ರಿ ತಪ್ಪಬಹುದು. ಪಿಸ್ಟನ್ ಒಂದೇ ಎತ್ತರದಲ್ಲಿರುವ ಎರಡು ಜಾಗ, ಏರುವಾಗ ಒಂದು, ಇಳಿಯುವಾಗ ಒಂದು, ಪುಲ್ಲಿಯ ಮೇಲೆ ಗೀರು ಹಾಕಿಕೊಳ್ಳಿ. ಎರಡರ ನಡುವೆ ಟಿಡಿಸಿ. ಕಡ್ಡಿ ಪ್ಲಾಸ್ಟಿಕ್ಕಿನದೇ ಆಗಿರಲಿ, ಕಬ್ಬಿಣ ಬೇಡ.

ಮತ್ತೆ ಕೂಡಿಸುವಾಗ

ಈ ಇಂಜಿನ್ನಿನಲ್ಲಿ ಬೆಲ್ಟ್ ಹಾಕುವ ಮೊದಲು ಹೆಡ್ ಕವರ್ ತೆಗೆದು ಎಲ್ಲಾ ಟ್ಯಾಪೆಟ್ ಸ್ಕ್ರೂಗಳನ್ನು (ವಾಲ್ವ್‌ನ ಸಣ್ಣ ಅಂತರ ಸರಿ ಮಾಡುವ ಸ್ಕ್ರೂ) ಸಡಿಲ ಮಾಡಿ. ಸುಮಾರು ಜನ ಇದನ್ನು ಬಿಟ್ಟುಬಿಡುತ್ತಾರೆ, ಮತ್ತೆ ಟ್ಯಾಪೆಟ್ ಸೆಟ್ ಮಾಡುವ ಕೆಲಸ ಉಳಿಯುತ್ತದೆ ಅಲ್ವಾ, ಅದಕ್ಕೆ. ಆದರೆ ವಾಲ್ವ್ ಸ್ಪ್ರಿಂಗ್ ಕ್ಯಾಮನ್ನು ಒತ್ತುತ್ತಿದ್ದರೆ ಕ್ಯಾಮ್ ನಾವು ಇಟ್ಟ ಜಾಗದಲ್ಲಿ ನಿಲ್ಲುವುದಿಲ್ಲ. ಟೆನ್ಷನರ್ ಸ್ಪ್ರಿಂಗಿನ ಬಲಕ್ಕಿಂತ ಅದರ ಬಲ ಜಾಸ್ತಿ, ಸಡಿಲು ಪೂರ್ತಿ ಹೋಗುವುದಿಲ್ಲ.

ಈಗ ಮುಖ್ಯವಾದ ಜಾಗ. ಪುಲ್ಲಿಗಳ ಎದುರು ನಿಂತು ಯೋಚಿಸಿ. ಕ್ರ್ಯಾಂಕ್ ಗಡಿಯಾರದ ದಿಕ್ಕಿಗೆ ತಿರುಗಿದರೆ ಬಲಗಡೆಯ ಬೆಲ್ಟನ್ನು ಕೆಳಗೆ ಎಳೆಯುತ್ತದೆ. ಅದು ಬಿಗಿ ಬದಿ. ಎಡಗಡೆಯದು ಸಡಿಲು ಬದಿ, ಟೆನ್ಷನರ್ ಇರುವುದು ಅಲ್ಲಿ. ಬೆಲ್ಟ್ ಹಾಕುವಾಗ ಬಲಗಡೆ ಒಂದಿಷ್ಟೂ ಜೋಲು ಇರಬಾರದು, ಉಳಿದ ಸಡಿಲೆಲ್ಲ ಎಡಕ್ಕೆ ಬರಬೇಕು. ಬಲಗಡೆ ಜೋಲು ಉಳಿದರೆ ಏನಾಗುತ್ತದೆ? ಗುರುತು ಎರಡೂ ಕೂಡಿರುತ್ತವೆ, ನೋಡಲು ಚೆಂದ. ಇಂಜಿನ್ ತಿರುಗಿಸಿದ ಕೂಡಲೇ ಕ್ರ್ಯಾಂಕ್ ಮೊದಲು ಆ ಜೋಲನ್ನು ಎಳೆದುಕೊಳ್ಳುತ್ತದೆ, ಅಷ್ಟು ಹೊತ್ತು ಕ್ಯಾಮ್ ನಿಂತೇ ಇರುತ್ತದೆ. ಕ್ಯಾಮ್ ಒಂದು ಹಲ್ಲು ಹಿಂದೆ ಬಿತ್ತು. ಮೇಷ್ಟ್ರ ಗಾಡಿಯಲ್ಲಿ ಆಗಿದ್ದು ಇದೇ.

ಬೆಲ್ಟ್ ಕೂತ ಮೇಲೆ ಟೆನ್ಷನರ್ ಸ್ಪ್ರಿಂಗ್ ಹಾಕಿ, ಬೋಲ್ಟ್ ಬಿಗಿ ಮಾಡದೆ ಕ್ರ್ಯಾಂಕ್ ಎರಡು ಸುತ್ತು ತಿರುಗಿಸಿ. ನಿಧಾನವಾಗಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಿ, ವಾಲ್ವ್ ಪಿಸ್ಟನ್ನಿಗೆ ತಾಗುತ್ತಿರಬಹುದು. ಸರಾಗವಾಗಿ ತಿರುಗಿದರೆ ಸಡಿಲೆಲ್ಲ ಸ್ಪ್ರಿಂಗ್ ಎಳೆದುಕೊಂಡಿರುತ್ತದೆ. ಆಗ ಟೆನ್ಷನರ್ ಬಿಗಿ ಮಾಡಿ. ಮತ್ತೆ ಎರಡು ಸುತ್ತು ತಿರುಗಿಸಿ, ಮತ್ತೆ ನೇರವಾಗಿ ಫೋಟೋ ತೆಗೆಯಿರಿ. ಒಂದು ಹಲ್ಲು ತಪ್ಪಿದ್ದರೆ ಈಗಲೇ ಗೊತ್ತಾಗುತ್ತದೆ, ಈಗ ಸರಿ ಮಾಡಿದರೆ ಹತ್ತು ನಿಮಿಷದ ಕೆಲಸ. ಎಲ್ಲ ಸರಿಯಾದ ಮೇಲೆ ಟ್ಯಾಪೆಟ್ ಸೆಟ್ ಮಾಡಿ.

ಕೆಲವು ಬೆಲ್ಟಿನ ಮೇಲೆ ಬಿಳಿ ಗೆರೆಗಳು ಅಚ್ಚಾಗಿರುತ್ತವೆ. ಹಾಕುವಾಗ ಅವು ಪುಲ್ಲಿ ಗುರುತಿಗೆ ಕೂಡುತ್ತವೆ, ಎರಡು ಸುತ್ತು ತಿರುಗಿಸಿದ ಮೇಲೆ ಎಲ್ಲೋ ಹೋಗಿರುತ್ತವೆ. ಗಾಬರಿ ಬೇಡ. ಬೆಲ್ಟಿನ ಹಲ್ಲಿನ ಲೆಕ್ಕವೇ ಬೇರೆ, ಆ ಗೆರೆಗಳು ಮತ್ತೆ ಕೂಡಲು ತುಂಬಾ ಸುತ್ತು ಬೇಕು. ಪುಲ್ಲಿಯ ಗುರುತು ಕೂಡಿದರೆ ಸಾಕು. ಹಾಗೆಯೇ ಹಳೇ ಬೆಲ್ಟಿಗೆ ಬೊಟ್ಟಿಟ್ಟು, ಹಲ್ಲು ಎಣಿಸಿ ಹೊಸದಕ್ಕೆ ಇಳಿಸುವ ಉಪಾಯ ಒಳ್ಳೆಯದೇ. ಆದರೆ ಹಳೆಯದು ಸರಿಯಾಗಿ ಕೂತಿದ್ದರೆ ಮಾತ್ರ. ಇಲ್ಲದಿದ್ದರೆ ತಪ್ಪನ್ನೇ ಎಣಿಸಿ ಇಳಿಸಿದಂತೆ.

ಬೇರೆ ಇಂಜಿನ್‌ಗಳ ಬಗ್ಗೆ ಎರಡು ಮಾತು. ಎರಡು ಕ್ಯಾಮ್ ಇದ್ದರೆ ಬೆಲ್ಟ್ ತೆಗೆದ ಕೂಡಲೇ ಒಂದು ಕ್ಯಾಮ್ ಟಪ್ಪನೆ ತಿರುಗಿಬಿಡುತ್ತದೆ, ಲಾಕ್ ಪಿನ್ ಹಾಕಿಯೇ ತೆಗೆಯಿರಿ. ಹಳೇ ಡೀಸೆಲ್ ಗಾಡಿಯಲ್ಲಿ ಇಂಜೆಕ್ಷನ್ ಪಂಪ್ ಇದೇ ಬೆಲ್ಟಿನಲ್ಲಿ ತಿರುಗುತ್ತಿದ್ದರೆ ಅದಕ್ಕೂ ಒಂದು ಗುರುತಿದೆ, ಮೂರೂ ಕೂಡಬೇಕು. ಬೆಲ್ಟ್ ತುಂಡಾಗಿ ಬಂದ ನಾಲ್ಕು ಸಿಲಿಂಡರ್ ಗಾಡಿಯಾದರೆ ಕ್ಯಾಮ್ ಮುಟ್ಟುವ ಮೊದಲು ಕ್ರ್ಯಾಂಕನ್ನು ಟಿಡಿಸಿಯಿಂದ ಕಾಲು ಸುತ್ತು ಆಚೆಗೆ ತನ್ನಿ. ಆಗ ನಾಲ್ಕೂ ಪಿಸ್ಟನ್ ಅರ್ಧಕ್ಕೆ ಇಳಿದಿರುತ್ತವೆ, ವಾಲ್ವಿಗೆ ತಾಗುವುದಿಲ್ಲ. ಕ್ಯಾಮ್ ಗುರುತಿಗೆ ತಂದು, ಆಮೇಲೆ ಕ್ರ್ಯಾಂಕನ್ನು ವಾಪಸ್ ಗುರುತಿಗೆ ತನ್ನಿ. ಸ್ವಿಫ್ಟಿನ 1.2 ಪೆಟ್ರೋಲ್ ಆಗಲಿ, ಅದರ 1.3 ಡೀಸೆಲ್ ಆಗಲಿ, ಬೆಲ್ಟ್ ಅಲ್ಲ, ಚೈನ್. ಅದರ ಕೆಲಸವೇ ಬೇರೆ.

ಮೇಷ್ಟ್ರ ಗಾಡಿಗೆ ಕ್ಯಾಮನ್ನು ಒಂದು ಹಲ್ಲು ಮುಂದೆ ತಂದು ಬೆಲ್ಟ್ ಕೂರಿಸಿದೆವು. ಡಿಸ್ಟ್ರಿಬ್ಯೂಟರ್ ಬೋಲ್ಟ್ ಆ ಬೆಳ್ಳನೆ ಉಂಗುರದ ಜಾಗಕ್ಕೆ ವಾಪಸ್ ಬಂತು. ಆಮೇಲೆ ಕಿಡಿ ಬರುವ ಹೊತ್ತು ತೋರಿಸುವ ಟೈಮಿಂಗ್ ಲೈಟ್ ಹಿಡಿದು ಸಣ್ಣದಾಗಿ ಸರಿ ಮಾಡಿದೆವು. ಡಿಸ್ಟ್ರಿಬ್ಯೂಟರನ್ನು ಹೀಗೆ ವಾಪಸ್ ತರುವುದನ್ನು ಮರೆತರೆ ಕಿಡಿ 18 ಡಿಗ್ರಿ ಮುಂದೆಯೇ ಉಳಿದು ಇಂಜಿನ್ ನಾಕಿಂಗ್ ಹೊಡೆಯುತ್ತದೆ. ಗೇಜ್ 17ಕ್ಕೆ ಏರಿತು. ಮೇಷ್ಟ್ರನ್ನೂ ಕೂರಿಸಿಕೊಂಡು ಬೆಟ್ಟಕ್ಕೆ ಹೋದೆವು. ಆವತ್ತು ಫಸ್ಟ್ ಗೇರ್ ಕೇಳಿದ ತಿರುವನ್ನು ಅವರೇ ತೋರಿಸಿದರು. ಈ ಸಲ ಸೆಕೆಂಡಿನಲ್ಲೇ ಎಳೆಯಿತು. ವಾಪಸ್ ಬಂದು ಬೆಲ್ಟ್ ಕವರಿನ ಮೇಲೆ ಬಿಳಿ ಪೇಂಟಿನಲ್ಲಿ ತಾರೀಖು, ಕಿಲೋಮೀಟರ್ ಬರೆದು, ಎರಡು ಸುತ್ತು ತಿರುಗಿಸಿದ ಮೇಲೆ ತೆಗೆದ ಗುರುತಿನ ಫೋಟೋವನ್ನು ಮೇಷ್ಟ್ರ ಮೊಬೈಲಿಗೂ ಕಳಿಸಿಕೊಟ್ಟೆ.